ಉಂಡಿಗಿಂತ ಸಣ್ಣ ಗುರಿ

31 ಜುಲೈ 2025, ಗುರುವಾರ ರಾತ್ರಿ
ಧಾರವಾಡ

ಪಂಚಮಿ ಮುಗಿದು ಎರಡು ದಿನ. ಹಿತ್ತಲಿನ ಜೋಕಾಲಿ ಇನ್ನೂ ಬಿಚ್ಚಿಲ್ಲ. ಶೇಂಗಾ ಉಂಡಿ ಖಾಲಿ, ಬೇಸನ್ ಉಂಡಿ ಉಳಿದಿವೆ, ಪ್ರತಿ ವರ್ಷದ ಹಾಗೆ. ಬೆಳಗ್ಗೆ ಲಾಗಿನ್ ಆಗಿದ್ದೇನೋ ನಿಜ. ಏನು ಕೆಲಸ ಮಾಡಿದೆ ಅಂತ ಮಾತ್ರ ಕೇಳಬೇಡಿ.

ನಿನ್ನೆ ರಾತ್ರಿ ಮ್ಯೂನಿಕ್‌ನ ಹಳೇ ಆಫೀಸಿನ ಗೆಳತಿ ಮೆಸೇಜ್ ಹಾಕಿದ್ದಳು. 'ಲಾರಾ ಹೋದಳು.' ಅಷ್ಟೇ. ಯಾವ ಲಾರಾ ಅಂತ ಕೇಳುವ ಪ್ರಶ್ನೆಯೇ ಇರಲಿಲ್ಲ.

ಲಾರಾ ಡಾಲ್‌ಮಾಯರ್, ಜರ್ಮನಿಯ ಬಯಥ್ಲಾನ್ ಆಟಗಾರ್ತಿ. ನಾನು ಅಲ್ಲಿದ್ದ ಚಳಿಗಾಲದಲ್ಲಿ ಶನಿವಾರ, ಭಾನುವಾರ ಟೀವಿ ಹಾಕಿದರೆ ಬಯಥ್ಲಾನ್. ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಮೊದಲು ಇದೆಂಥ ಆಟ ಅನ್ನಿಸಿತ್ತು. ಬೆನ್ನಿಗೆ ಮೂರೂವರೆ ಕಿಲೋ ಬಂದೂಕು ಕಟ್ಟಿಕೊಂಡು ಹಿಮದ ಮೇಲೆ ಸ್ಕೀ ಮಾಡುತ್ತಾ ಏರು ಹತ್ತಬೇಕು, ಏದುಸಿರು ಬಿಡುತ್ತಾ ಬಂದು ಚಾಪೆ ಮೇಲೆ ಮಲಗಬೇಕು, 50 ಮೀಟರ್ ಆಚೆಯ ಐದು ಕರಿ ಚುಕ್ಕೆಗೆ ಐದು ಗುಂಡು ಹೊಡೆಯಬೇಕು. ಆಮೇಲೆ ಇನ್ನೊಂದು ಸುತ್ತು ಹೋಗಿ ಬಂದು, ನಿಂತು ಹೊಡೆಯಬೇಕು. ಒಂದು ಗುಂಡು ತಪ್ಪಿದರೆ 150 ಮೀಟರ್ ದಂಡದ ಸುತ್ತು. ಎದೆ ಡಬಡಬ ಅನ್ನುವಾಗ ಕೈ ಅಲ್ಲಾಡಬಾರದು. ಆಗುವ ಮಾತಾ?

ಅವಳಿಗೆ ಆಗುತ್ತಿತ್ತು. ನಾನು ಗುರಿ ನೋಡುತ್ತಿರಲಿಲ್ಲ, ಅವಳ ಬಾಯಿಂದ ಬರುವ ಹಬೆ ನೋಡುತ್ತಿದ್ದೆ. ಹಬೆ, ಹಬೆ, ಹಬೆ ನಿಂತಿತು, ಟಪ್. ಕರಿ ಚುಕ್ಕೆ ಬಿಳಿ. ಮತ್ತೆ ಹಬೆ.

2017ರ ಫೆಬ್ರವರಿ, ಆಸ್ಟ್ರಿಯಾದ ಹೋಖ್‌ಫಿಲ್ಟ್‌ಸೆನ್, ವಿಶ್ವ ಚಾಂಪಿಯನ್‌ಷಿಪ್. ಆರು ಸ್ಪರ್ಧೆಗೆ ಇಳಿದಳು, ಐದು ಚಿನ್ನ, ಒಂದು ಬೆಳ್ಳಿ. ಕ್ಯಾಂಟೀನಿನಲ್ಲಿ ಬೇರೆ ಮಾತೇ ಇಲ್ಲ. ಮರುವರ್ಷ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್. ಸ್ಪ್ರಿಂಟ್ ಅನ್ನುವ ಚಿಕ್ಕ ಸ್ಪರ್ಧೆಯಲ್ಲಿ ಹತ್ತಕ್ಕೆ ಹತ್ತು ಹೊಡೆದು ಚಿನ್ನ, ಎರಡೇ ದಿನಕ್ಕೆ ಪರ್ಸ್ಯೂಟ್ ಅನ್ನುವ ಬೆನ್ನಟ್ಟುವ ಸ್ಪರ್ಧೆಯಲ್ಲೂ ಚಿನ್ನ. ಒಂದೇ ಒಲಿಂಪಿಕ್ಸ್‌ನಲ್ಲಿ ಇವೆರಡನ್ನೂ ಗೆದ್ದ ಹೆಣ್ಣುಮಗಳು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. 15 ಕಿಲೋಮೀಟರಿನಲ್ಲಿ ಒಂದು ಕಂಚು ಬೇರೆ.

2019ರ ಮೇ ತಿಂಗಳಲ್ಲಿ ಸಾಕು ಅಂದುಬಿಟ್ಟಳು. 25 ವರ್ಷಕ್ಕೆ! ಆ ಗೆಳತಿ ಎಷ್ಟು ಸಿಟ್ಟಾಗಿದ್ದಳು ಅಂದರೆ, ತನ್ನನ್ನೇ ಕೇಳದೆ ನಿಲ್ಲಿಸಿದಳು ಅನ್ನುವ ಹಾಗೆ. ನನಗೇನೋ ಒಳಗೊಳಗೇ ಖುಷಿಯಾಗಿತ್ತು. ಮನಸ್ಸು ಬರುತ್ತಿಲ್ಲ ಅಂತ ಗೊತ್ತಾದ ಕೂಡಲೇ ಬಿಡುವ ಧೈರ್ಯ ಎಷ್ಟು ಜನಕ್ಕಿದೆ? (ನನ್ನ ಕೆಲಸದ ವಿಷಯ ಇಲ್ಲಿ ಬೇಡ.) ಅವಳು ಬೆಟ್ಟಕ್ಕೆ ಹೋದಳು. ಪರೀಕ್ಷೆ ಕಟ್ಟಿ ಪರ್ವತ ಗೈಡ್ ಆದಳು. ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡುವ ತಂಡದಲ್ಲೂ ಇದ್ದಳು.

ಈ ಸೋಮವಾರ ಪಾಕಿಸ್ತಾನದ ಕಡೆಯ ಕಾರಕೋರಂನಲ್ಲಿ, ಲೈಲಾ ಪೀಕ್ ಅನ್ನುವ ಶಿಖರದಲ್ಲಿ, ಸುಮಾರು 5,700 ಮೀಟರ್ ಎತ್ತರದಲ್ಲಿ ಮೇಲಿಂದ ಕಲ್ಲು ಉರುಳಿ ಅವಳ ಮೇಲೆ ಬಿದ್ದವು. ಮರುದಿನ ಹೆಲಿಕಾಪ್ಟರ್ ಹೋಗಿ ನೋಡಿತು. ಜೀವ ಇರುವ ಗುರುತು ಕಾಣಲಿಲ್ಲ.

ಸಂಜೆ ಅವ್ವ ಶ್ರಾವಣದ ಬತ್ತಿ ಹೊಸೆಯುತ್ತಾ ಕೂತಿದ್ದಳು. ನನ್ನ ಫೋನಿನಲ್ಲಿದ್ದ ಫೋಟೋ ಕಡೆ ಬಗ್ಗಿದಳು.

"ಯಾರಕಿ ಅಕಿ? ನಕ್ಕೋತ ನಿಂತಾಳ."

ಹೇಳಿದೆ. ಗುರಿ ಎಷ್ಟಿರುತ್ತೆ ಅಂತ ತೋರಿಸಲು ಡಬ್ಬಿಯಿಂದ ಬೇಸನ್ ಉಂಡಿ ತೆಗೆದೆ. ಮಲಗಿ ಹೊಡೆಯುವಾಗ ಗುರಿ ಇದಕ್ಕಿಂತ ಸಣ್ಣದು, 45 ಮಿಲಿಮೀಟರ್. ನಿಂತು ಹೊಡೆಯುವಾಗ ಚಹಾದ ಬಸಿಗಿಂತ ಸಣ್ಣದು. ಅವ್ವ ಉಂಡಿ ನೋಡಿದಳು, ಗೇಟಿನಾಚೆ ರಸ್ತೆ ನೋಡಿದಳು. "ಅಯ್ಯ, ನನಗ ಸೂಜಿ ಪೋಣಸಾಕ ಆಗಂಗಿಲ್ಲ" ಅಂದಳು. ಇಬ್ಬರೂ ನಕ್ಕೆವು.

"ಈಗ ಎಲ್ಲಿ ಇಟ್ಟಾರ ಅಕಿನ್ನ?"

ಅಲ್ಲೇ ಇದ್ದಾಳೆ, ತರುವುದಿಲ್ಲ ಅಂದೆ. ತನಗೆ ಹಾಗೇನಾದರೂ ಆದರೆ, ಶವ ತರಲು ಯಾರೂ ಜೀವ ಪಣಕ್ಕಿಡಬಾರದು, ಬೆಟ್ಟದಲ್ಲೇ ಬಿಡಿ ಅಂತ ಮೊದಲೇ ಬರೆದಿಟ್ಟಿದ್ದಳಂತೆ. ಬತ್ತಿ ಹೊಸೆಯುವ ಕೈ ನಿಂತಿತು.

"ಬರೀತಾರ. ಬದಕಿದ್ದಾಗ ಏನ ಬೇಕಾದ್ದ ಬರೀತಾರ. ಒಂದ ಹಿಡಿ ಮಣ್ಣ ಕೊಡೋದು ಉಳದವರ ಕೆಲಸ ಅಲ್ಲೇನ?"

ಅಲ್ಲಿ ಕಲ್ಲು ಬೀಳುತ್ತಲೇ ಇವೆ, ಹೋದವರ ಮೇಲೂ ಬೀಳುತ್ತವೆ ಅಂದೆ. ಅವಳೇ ಅಂಥ ಕೆಲಸ ಮಾಡಿದವಳು, ಅದರ ಕಷ್ಟ ಗೊತ್ತಿದ್ದೇ ಬರೆದಿದ್ದಾಳೆ ಅಂದೆ. ಅವ್ವ ಕೇಳಿಸಿಕೊಂಡಂತೆ ಕಾಣಲಿಲ್ಲ.

"ಬೆಟದೂರ ಹುಡಗ ನೆನಪದಾನೇನ?"

ಹನುಮಂತಪ್ಪ ಕೊಪ್ಪದ, ಹಿಮಕುಸಿತದಲ್ಲಿ ಹೂತುಹೋಗಿದ್ದ ಯೋಧ. ಸಿಯಾಚಿನ್, 2016. ಅದೂ ಅದೇ ಕಾರಕೋರಂ ಸಾಲು, ನನಗೆ ಆಗಲೇ ಹೊಳೆದದ್ದು. ಅವನನ್ನು ಹುಬ್ಬಳ್ಳಿಗೆ ತಂದ ಮರುದಿನ ಅವ್ವ ಮುಂಜಾನೆನೇ ಬಸ್ ಹತ್ತಿ ಹೋಗಿ ಸಾಲಿನಲ್ಲಿ ನಿಂತಿದ್ದಳು. ಗುರುತಿಲ್ಲ, ಪರಿಚಯವಿಲ್ಲ.

"ಆರ ದಿನ ಬರ್ಫದಾಗ ಇದ್ದ. ತಗದಾಗ ಉಸರಾಡತಿದ್ದ. ಎಲ್ಲಾರೂ ಸತ್ತಾನ ಅಂತನ ತಿಳದಿದ್ರು."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇದು ಬೇರೆ, ಅದು ಬೇರೆ ಅಂತ ಏನೋ ಗೊಣಗಿದೆ. ಬೇರೆ ನಿಜ. ಅವನೂ ಕಡೆಗೆ ಉಳಿಯಲಿಲ್ಲ, ಅದೂ ನಿಜ. ಆದರೂ ಆ ಮಾತು ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿದೆ. ಮಧ್ಯಾಹ್ನವೆಲ್ಲ ಲಾರಾ ಬರೆದಿಟ್ಟದ್ದು ಎಷ್ಟು ದೊಡ್ಡ ಮಾತು ಅಂದುಕೊಳ್ಳುತ್ತಿದ್ದೆ. ಈಗಲೂ ಹಾಗೇ ಅನ್ನಿಸುತ್ತೆ. ಅವ್ವ ಹೇಳಿದ್ದೂ ಸುಳ್ಳಲ್ಲ.

ಅಷ್ಟರಲ್ಲಿ ಅಣ್ಣ ಮಿರ್ಚಿ ತಂದ. ಮಾತು ಈರುಳ್ಳಿ ರೇಟಿಗೆ ಹೋಯಿತು. ವೈನಿ ಚಹಾ ಇಟ್ಟಳು. ಕರೆಂಟು ಎರಡು ಸಲ ಹೋಗಿ ಬಂತು. ಭಾನುವಾರದ ಟ್ರೈನಿಗೆ ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟ್.

ಈಗ ಹತ್ತೂವರೆ. ಮಲಗಿದ್ದಾಳೆ ಅಂದುಕೊಂಡಿದ್ದೆ, ಕತ್ತಲಲ್ಲಿ ಅವ್ವ ಕೇಳಿದಳು.

"ಅಕಿ ಒಬ್ಬಾಕಿನ ಹೋಗಿದ್ಲೇನ?"

ಇಲ್ಲ, ಜೊತೆಗೆ ಇನ್ನೊಬ್ಬಳು ಇದ್ದಳು. ಹತ್ತಿರ ಹೋಗಲು ನೋಡಿದಳಂತೆ, ಕಲ್ಲು ಬೀಳುತ್ತಿದ್ದರಿಂದ ಆಗಲಿಲ್ಲ.

"ಅಕಿ ಹೆಂಗ ಇಳದ್ಲು?"

ಫೋನ್ ತೆಗೆದು ಮತ್ತೆ ಅದೇ ಸುದ್ದಿ ಓದುತ್ತಿದ್ದೇನೆ. ಲಾರಾ ಬಗ್ಗೆ ಪ್ಯಾರಾಗಟ್ಟಲೆ ಇದೆ. ಇವಳ ಬಗ್ಗೆ ಒಂದೇ ಸಾಲು, ಕತ್ತಲಾದ ಮೇಲೆ ಕಲ್ಲು ಬೀಳುವುದು ಕಡಿಮೆಯಾದಾಗ ಇಳಿಯಲು ಶುರು ಮಾಡಿದಳು ಅಂತ. ಕತ್ತಲಲ್ಲಿ, ಒಬ್ಬಳೇ, ಹಗ್ಗ ಹಿಡಿದುಕೊಂಡು, ಮೇಲೆ ಬಿಟ್ಟು ಬಂದದ್ದನ್ನು