ಗೊತ್ತಿಲ್ಲವೆಂದು ಹೇಳಿದ ದಿನ

ತಂಡದ ಮುಂದಾಳತ್ವ ನನ್ನ ಪಾಲಿಗೆ ಬಂದ ಮೇಲಿನ ಮೊದಲ ದೊಡ್ಡ ಕೆಲಸವೆಂದರೆ ಹಳೆಯ ಸಿಸ್ಟಮ್‌ನಲ್ಲಿದ್ದ ಗ್ರಾಹಕರ ಸಾಲದ ದಾಖಲೆಗಳನ್ನೆಲ್ಲ ಹೊಸ ಡೇಟಾಬೇಸ್‌ಗೆ ವರ್ಗಾಯಿಸುವುದು. ಆ ಹಳೆಯ ಸಿಸ್ಟಮ್ ಅನ್ನು ಕಟ್ಟಿದವರಲ್ಲಿ ಒಬ್ಬರು ನನ್ನ ತಂಡದಲ್ಲಿಯೇ ಇದ್ದರು. ವಯಸ್ಸಿನಲ್ಲೂ ಅನುಭವದಲ್ಲೂ ನನಗಿಂತ ಹಿರಿಯರು. ಅವರಿರುವಾಗ ಈ ಹೊಣೆ ನನಗೇಕೆ ಎಂದು ಯಾರೂ ನನ್ನೆದುರು ಕೇಳಿರಲಿಲ್ಲ. ಆದರೆ ನಾನು ಮಾತ್ರ ಅದನ್ನು ದಿನವೂ ಕೇಳಿಕೊಳ್ಳುತ್ತಿದ್ದೆ. ಪ್ರತಿ ಸಭೆಗೂ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ತಯಾರಿ ಮಾಡಿಕೊಂಡು ಹೋಗುತ್ತಿದ್ದೆ. ಸಭೆ ಚೆನ್ನಾಗಿ ನಡೆದರೆ ಅದು ರಾತ್ರಿಯೆಲ್ಲ ಓದಿದ್ದರ ಫಲವೆಂದೂ, ಓದದೆ ಹೋಗಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತೆಂದೂ ಅನ್ನಿಸುತ್ತಿತ್ತು.

ಈ ಸುಳಿಯನ್ನು ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝೇನ್ ಐಮ್ಸ್ ಬಹಳ ಹಿಂದೆಯೇ ಗುರುತಿಸಿದ್ದರು. ಓದಿನಲ್ಲೂ ವೃತ್ತಿಯಲ್ಲೂ ಎತ್ತರಕ್ಕೇರಿದ ಮಹಿಳೆಯರು ತಮ್ಮ ಯಶಸ್ಸನ್ನು ಅದೃಷ್ಟದ ಅಥವಾ ಇತರರ ತಪ್ಪು ಅಂದಾಜಿನ ಲೆಕ್ಕಕ್ಕೆ ಹಾಕುವುದನ್ನು ಕಂಡು, ಅವರು 1978ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ನಾವು ಇಂದು ಇಂಪೋಸ್ಟರ್ ಸಿಂಡ್ರೋಮ್ ಎಂದು ಕರೆಯುವುದು ಅದನ್ನೇ. ಹೆಸರಿನಲ್ಲಿ ಸಿಂಡ್ರೋಮ್ ಎಂದಿದ್ದರೂ ಅವರು ಅದನ್ನು ಕಾಯಿಲೆ ಎಂದಿರಲಿಲ್ಲ. ಅದು ಮಹಿಳೆಯರಿಗಷ್ಟೇ ಸೀಮಿತವೂ ಅಲ್ಲವೆಂದು ಮುಂದಿನ ಸಂಶೋಧನೆಗಳು ತೋರಿಸಿದವು. 62 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2020ರ ವಿಮರ್ಶೆಯೊಂದು, ಅಳೆಯುವ ವಿಧಾನಕ್ಕೂ ಜನರ ಗುಂಪಿಗೂ ತಕ್ಕಂತೆ ಇದರ ಪ್ರಮಾಣ ಶೇ. 9ರಿಂದ ಶೇ. 82ರವರೆಗೆ ಇರುವುದನ್ನು ದಾಖಲಿಸಿದೆ. ಇದನ್ನೆಲ್ಲ ಓದಿದಾಗ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತೇ ಹೊರತು ಮರುದಿನದ ಸಭೆಯಲ್ಲಿ ಗಂಟಲು ಒಣಗುವುದು ನಿಲ್ಲಲಿಲ್ಲ. ಬದಲಾವಣೆ ಬಂದದ್ದು ಕೆಲಸದ ನಡುವೆಯೇ, ವರ್ಗಾವಣೆಯ ಅಂತಿಮ ಒಪ್ಪಿಗೆಗಾಗಿ ಕರೆದಿದ್ದ ಸಭೆಯಲ್ಲಿ.

ಅಂದು ಸಂಜೆ ಕೆಲಸ ಶುರುವಾಗಬೇಕಿತ್ತು. ಪೂರ್ವಾಭ್ಯಾಸದ ವರದಿ ಎಲ್ಲರ ಮುಂದಿತ್ತು: ದಾಖಲೆಗಳ ಒಟ್ಟು ಸಂಖ್ಯೆ ಎರಡೂ ಕಡೆ ಸರಿಹೊಂದಿತ್ತು, ಮೊತ್ತಗಳು ತಾಳೆಯಾಗಿದ್ದವು, ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ದಾರಿಯೂ ಸಿದ್ಧವಿತ್ತು. ಒಬ್ಬೊಬ್ಬರಾಗಿ ‘ಓಕೆ’ ಎನ್ನುತ್ತ ಬಂದು ಸರದಿ ನನ್ನ ಬಳಿ ನಿಂತಿತು. ಹಳೆಯ ಸಿಸ್ಟಮ್ ದಿನಾಂಕಗಳನ್ನು ಒಳಗೆ ಹೇಗೆ ಇಟ್ಟುಕೊಳ್ಳುತ್ತದೆ ಎಂಬುದು ನನಗೆ ಸ್ಪಷ್ಟವಾಗಿ ತಿಳಿದಿರಲಿಲ್ಲ. ಹಿಂದಿನ ರಾತ್ರಿ ಆ ಕುರಿತ ದಾಖಲೆ ಓದಿದ್ದೆ, ಅರ್ಥವಾಗಿರಲಿಲ್ಲ. ಅದನ್ನು ಕೇಳಿದರೆ, ಇಷ್ಟೂ ತಿಳಿಯದವರು ತಂಡ ನಡೆಸುವುದು ಹೇಗೆ ಎಂದು ಎಲ್ಲರಿಗೂ ಅನ್ನಿಸಬಹುದು. ಕೇಳದೆ ಹೋದರೆ ನನಗೆ ತಿಳಿಯದ ಸಂಗತಿಗೆ ನಾನು ಸಹಿ ಹಾಕಿದಂತೆ. ಎರಡನೆಯದು ಹೆಚ್ಚು ಭಾರವೆನಿಸಿತು. “ಈ ಭಾಗ ನನಗೆ ಗೊತ್ತಿಲ್ಲ, ದಯವಿಟ್ಟು ಮೊದಲಿನಿಂದ ವಿವರಿಸಿ” ಎಂದು ಆ ಹಿರಿಯರನ್ನು ಕೇಳಿದೆ.

ಅವರು ಬೇಸರವಿಲ್ಲದೆ ವಿವರಿಸಿದರು. ಹಳೆಯದರಲ್ಲಿ ಕಂತು ಕಟ್ಟಬೇಕಾದ ದಿನಾಂಕವೆಂದರೆ ಸ್ಥಳೀಯ ಸಮಯದ ನಡುರಾತ್ರಿ ಹನ್ನೆರಡು ಗಂಟೆ. ಹೊಸದು ಎಲ್ಲವನ್ನೂ ಜಾಗತಿಕ ಪ್ರಮಾಣ ಸಮಯಕ್ಕೆ, ಅಂದರೆ ಇಂಗ್ಲೆಂಡಿನ ಗ್ರೀನಿಚ್ ರೇಖೆಯ ಸಮಯಕ್ಕೆ, ಪರಿವರ್ತಿಸಿ ಇಡುತ್ತದೆ. ಅವರ ಮಾತು ಮುಗಿದ ಮೇಲೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಗ ತಂಡದ ಅತ್ಯಂತ ಕಿರಿಯ ಸಹೋದ್ಯೋಗಿ ಮೈಕ್ ಆನ್ ಮಾಡಿ, “ಬಹುಶಃ ನಾನೇ ತಪ್ಪು ತಿಳಿದುಕೊಂಡಿರಬಹುದು, ಆದರೆ ಕೆಲವು ಖಾತೆಗಳಲ್ಲಿ ದಿನಾಂಕ ಒಂದು ದಿನ ಹಿಂದಕ್ಕೆ ಬಂದಂತೆ ಕಂಡಿತ್ತು” ಎಂದಳು.

ತೋರಿಸಲು ಹೇಳಿದೆ. ಪರದೆಯ ಮೇಲೆ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟಳು: ಎಡಕ್ಕೆ ಐದನೇ ತಾರೀಕು, ಬಲಕ್ಕೆ ಅದೇ ಖಾತೆಗೆ ನಾಲ್ಕನೇ ತಾರೀಕು. ಗ್ರೀನಿಚ್‌ಗಿಂತ ಗಡಿಯಾರ ಮುಂದಿರುವ ಯಾವುದೇ ಊರಿನ ನಡುರಾತ್ರಿ, ಪ್ರಮಾಣ ಸಮಯಕ್ಕೆ ಬದಲಾದಾಗ ಹಿಂದಿನ ದಿನದ ಯಾವುದೋ ಹೊತ್ತಾಗಿಬಿಡುತ್ತದೆ. ಅದರಿಂದ ಗಂಟೆಯನ್ನು ಕತ್ತರಿಸಿ ದಿನಾಂಕವನ್ನಷ್ಟೇ ಉಳಿಸಿಕೊಂಡರೆ ಒಂದು ದಿನವೇ ಕಳೆದುಹೋಗುತ್ತದೆ. ಸಂಖ್ಯೆ, ಮೊತ್ತ ಎರಡೂ ತಾಳೆಯಾಗುವುದರಿಂದ ನಮ್ಮ ಯಾವ ಪರೀಕ್ಷೆಯೂ ಇದನ್ನು ಹಿಡಿಯುವಂತಿರಲಿಲ್ಲ. ಹಾಗೆಯೇ ಬಿಟ್ಟಿದ್ದರೆ, ಸರಿಯಾದ ದಿನಕ್ಕೆ ಕಂತು ಕಟ್ಟಿದ ಜನರಿಗೂ ತಡವಾಯಿತೆಂದು ದಂಡ ಬೀಳುತ್ತಿತ್ತು.

ಅವಳು ಅದನ್ನು ಕೆಲವು ದಿನಗಳ ಹಿಂದೆಯೇ ಕಂಡಿದ್ದಳು. ಇಷ್ಟು ಜನ ತಿಳಿದವರು ನೋಡಿದ ಮೇಲೆ ತನಗೊಬ್ಬಳಿಗೇ ಕಂಡದ್ದು ತಪ್ಪೇ ಇರಬೇಕೆಂದು ಸುಮ್ಮನಾಗಿದ್ದಳು. ಆ ಮಾತು ಕೇಳಿದಾಗ ನನಗೆ ನನ್ನದೇ ದನಿ ಕೇಳಿದಂತಾಯಿತು. ಅಲ್ಲಿಯವರೆಗೆ ಈ ಅಳುಕನ್ನು ನನ್ನೊಬ್ಬಳ ಒಳಗಿನ ಸಂಕಟವೆಂದು ತಿಳಿದಿದ್ದೆ. ಅದು ಕಣ್ಣಿಗೆ ಬಿದ್ದ ಸತ್ಯವನ್ನೂ ಬಾಯಿಗೆ ಬಾರದಂತೆ ತಡೆಯುತ್ತದೆ ಎಂಬುದು ಹೊಳೆದಿರಲಿಲ್ಲ. ಆಸ್ಪತ್ರೆಗಳ ಶುಶ್ರೂಷಾ ತಂಡಗಳನ್ನು ಅಧ್ಯಯನ ಮಾಡಿದ ಏಮಿ ಎಡ್ಮಂಡ್ಸನ್ ಅವರಿಗೆ, ಒಳ್ಳೆಯ ತಂಡಗಳಲ್ಲಿಯೇ ಔಷಧಿ ನೀಡಿಕೆಯ ತಪ್ಪುಗಳು ಹೆಚ್ಚಾಗಿ ದಾಖಲಾಗಿರುವುದು ಕಂಡುಬಂದಿತ್ತು. ಅಲ್ಲಿನವರು ತಪ್ಪುಗಳನ್ನು ಬಚ್ಚಿಡದೆ ಹೇಳುತ್ತಿದ್ದುದೇ ಅದಕ್ಕೆ ಕಾರಣವೆಂಬುದು ಅವರು 1996ರಲ್ಲಿ ಪ್ರಕಟಿಸಿದ ವಿವರಣೆ. ಎಷ್ಟೋ ಸಲ ಓದಿದ್ದ ಈ ವಿಷಯ ನನಗೆ ನಿಜವಾಗಿ ಅರ್ಥವಾದದ್ದು ಆ ಎರಡು ಸಾಲುಗಳನ್ನು ನೋಡಿದಾಗ.

ವರ್ಗಾವಣೆಯನ್ನು ಮುಂದೂಡುವುದಾಗಿ ಅಲ್ಲಿಯೇ ಹೇಳಿದೆ. ಮೇಲಧಿಕಾರಿಗೆ ಫೋನ್ ಮಾಡಿ ಕಾರಣವೇನು, ತೊಂದರೆ ಯಾರಿಗಾಗುತ್ತಿತ್ತು, ಸರಿಪಡಿಸಲು ಎಷ್ಟು ಸಮಯ ಬೇಕು ಎಂಬುದನ್ನು ತಿಳಿಸುವಾಗ ನನ್ನ ದನಿ ನಡುಗಲಿಲ್ಲ. ಎಲ್ಲ ತಿಳಿದಿದೆ ಎಂಬ ಧೈರ್ಯ ಅದಾಗಿರಲಿಲ್ಲ. ತಿಳಿದದ್ದು ಯಾವುದು, ತಿಳಿಯದ್ದು ಯಾವುದು ಎಂಬುದು ನಿಚ್ಚಳವಾಗಿದ್ದುದರಿಂದ ಬಂದ ಸ್ಥೈರ್ಯ.

ಇನ್ನೊಂದು ಮಾತುಕತೆ ಅದಕ್ಕಿಂತ ಕಷ್ಟದ್ದಾಗಿತ್ತು. ಪರಿವರ್ತನೆಯ ಸ್ಕ್ರಿಪ್ಟ್ ಬರೆದವರು ಆ ಹಿರಿಯರೇ. ಸಭೆ ಮುಗಿದ ಮೇಲೂ ಅವರು ಪರದೆಯನ್ನೇ ನೋಡುತ್ತ ಕುಳಿತಿದ್ದರು. ಪರವಾಗಿಲ್ಲ ಬಿಡಿ ಎಂದು ಬೆನ್ನು ತಟ್ಟುವುದು ಅವರ ಅನುಭವಕ್ಕೆ ತಕ್ಕ ಮಾತಲ್ಲವೆನಿಸಿತು. ಪಕ್ಕದಲ್ಲಿ ಕುಳಿತು, “ನೀವು ಅಷ್ಟು ಬಿಡಿಸಿ ಹೇಳದಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲ” ಎಂದೆ. ಅದು ನಿಜವೂ ಆಗಿತ್ತು. ಸ್ವಲ್ಪ ಹೊತ್ತಿನ ನಂತರ ಅವರು, ಹೊಸ ಡೇಟಾಬೇಸ್ ತಮಗೆ ಇನ್ನೂ ಪೂರ್ತಿ ಕೈಗೆ ಬಂದಿಲ್ಲವೆಂದೂ ಈ ವಯಸ್ಸಿನಲ್ಲಿ ಅದನ್ನು ಹೇಳಿಕೊಳ್ಳಲು ಸಂಕೋಚವಾಗಿತ್ತೆಂದೂ ಹೇಳಿದರು. ಯಾರ ಜಾಗವನ್ನು ನಾನು ಕಸಿದುಕೊಂಡೆನೆಂದು ಕೊರಗುತ್ತಿದ್ದೆನೋ ಅವರೂ ಅದೇ ಅಳುಕನ್ನು ಹೊತ್ತು ಅದೇ ಕೋಣೆಯಲ್ಲಿ ಕುಳಿತಿದ್ದರು.

ಅಂದಿನಿಂದ ಅಂತಿಮ ಒಪ್ಪಿಗೆಯ ಸಭೆಯಲ್ಲಿ ‘ಎಲ್ಲ ಸರಿಯಿದೆಯೇ’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಆ ಪ್ರಶ್ನೆಗೆ ಹೌದು ಎನ್ನುವುದೇ ಸುಲಭ. ‘ನಿಮಗೆ ಪೂರ್ತಿ ಖಾತ್ರಿಯಿಲ್ಲದ ಸಂಗತಿ ಯಾವುದು’ ಎಂದು ಕಿರಿಯರಿಂದ ಮೊದಲುಗೊಂಡು ಕೇಳುತ್ತೇನೆ, ನನ್ನದನ್ನೂ ಹೇಳುತ್ತೇನೆ. ಹೊಸ ಕೆಲಸ ಶುರುವಾಗುವಾಗ ಹಳೆಯ ಅಳುಕು ಈಗಲೂ ತಲೆಯೆತ್ತುತ್ತದೆ, ಆದರೆ ಅದು ಎದ್ದಾಗ ಏನು ಮಾಡಬೇಕೆಂಬುದು ಗೊತ್ತಿದೆ. ದಿನಾಂಕಗಳನ್ನು ಒಂದೊಂದಾಗಿ ಹೋಲಿಸಿ ನೋಡುವ ಹೊಸ ಪರೀಕ್ಷೆಯನ್ನು ಆ ಹಿರಿಯರೂ ಆ ಹುಡುಗಿಯೂ ಜೊತೆಯಾಗಿ ಕುಳಿತು ಬರೆದರು. ಅದು ತಪ್ಪಿಲ್ಲದೆ ಮುಗಿದ ಮೇಲೆಯೇ ವರ್ಗಾವಣೆಗೆ ಸಹಿ ಹಾಕಿದೆ.