ಪ್ಯಾನೆಲ್ ‘ನಾರ್ಮಲ್’ ಅಂದಿತು, ನಾನು ನಂಬಿಬಿಟ್ಟೆ

ಫೈರ್ ಅಲಾರಂ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಪ್ಯಾನೆಲ್ ಮೇಲೆ, ಅಂದರೆ ಅಲಾರಂನ ಕಂಟ್ರೋಲ್ ಪೆಟ್ಟಿಗೆ ಮೇಲೆ, ಭಾರೀ ನಂಬಿಕೆ. ಹಸಿರು ದೀಪ ಉರಿಯುತ್ತಿದೆ, ಡಿಸ್‌ಪ್ಲೇನಲ್ಲಿ ‘ಸಿಸ್ಟಂ ನಾರ್ಮಲ್’ ಅಂತ ಬಂದಿದೆ, ಇನ್ನೇನು ಬೇಕು? ಅದೇ ಧೈರ್ಯದಲ್ಲಿ ಆರು ಮಹಡಿಯ ಒಂದು ಕಟ್ಟಡದ ಕೊನೆಯ ಪರೀಕ್ಷೆಗೆ, ಅಂದರೆ ಕಮಿಷನಿಂಗ್‌ಗೆ ಎಲ್ಲರನ್ನೂ ಕರೆಸಿಬಿಟ್ಟೆ. ಕನ್ಸಲ್ಟೆಂಟ್ ಬಂದರು, ಲಿಫ್ಟಿನವರು ಬಂದರು, ಎಸಿಯವರೂ ಬಂದರು. ಮೂರನೇ ಮಹಡಿಯ ಕಾರಿಡಾರಿನಲ್ಲಿ ಮೊದಲ ಡಿಟೆಕ್ಟರಿಗೆ ಟೆಸ್ಟ್ ಸ್ಪ್ರೇ ಹೊಡೆದೆವು. ಏನೂ ಆಗಲಿಲ್ಲ. ಇನ್ನೊಂದು ಸಲ ಹೊಡೆದೆವು. ಕನ್ಸಲ್ಟೆಂಟ್ ತಲೆ ಎತ್ತಿ ನೋಡಿ, “ಟೋಪಿ ತೆಗೆದೇ ಇಲ್ವಲ್ರೀ” ಅಂದರು.

ಧೂಳು, ಪೇಂಟು ಒಳಗೆ ಹೋಗದಿರಲಿ ಅಂತ ಹಾಕಿರುವ ಪ್ಲಾಸ್ಟಿಕ್ ಮುಚ್ಚಳ ಅದು. ಒಂದಲ್ಲ, ಇಡೀ ಮಹಡಿಯಲ್ಲಿ ಹಾಗೇ ಇತ್ತು. ಟೋಪಿ ಬಿದ್ದದ್ದು ಮಾತ್ರ ನನಗೆ.

ಅಡ್ರೆಸೆಬಲ್ ಪ್ಯಾನೆಲ್ (ಪ್ರತಿ ಡಿಟೆಕ್ಟರಿಗೂ ಒಂದೊಂದು ಅಡ್ರೆಸ್ ಇರುವಂಥದ್ದು) ಮಾಡುವುದು ಹಾಜರಿ ಕರೆಯುವ ಕೆಲಸ. ಲೂಪಿನಲ್ಲಿ, ಅಂದರೆ ಪ್ಯಾನೆಲ್ಲಿಂದ ಹೊರಟು ಸುತ್ತಿ ಪ್ಯಾನೆಲ್ಲಿಗೇ ಬರುವ ವೈರಿನಲ್ಲಿ, ಇರುವ ಒಂದೊಂದು ಅಡ್ರೆಸ್ಸನ್ನೂ “ಇದ್ದೀಯಾ?” ಅಂತ ಕೇಳುತ್ತದೆ. ಮುಚ್ಚಳದೊಳಗೆ ಕೂತ ಡಿಟೆಕ್ಟರೂ “ಇದ್ದೀನಿ” ಅನ್ನುತ್ತದೆ. ಹೊಗೆ ಬಂದರೆ ಅದಕ್ಕೆ ಗೊತ್ತಾಗುತ್ತದೋ ಇಲ್ಲವೋ, ಅದು ಬೇರೆ ಪ್ರಶ್ನೆ.

ಅವತ್ತೇ ಇನ್ನೊಂದು ಮರ್ಯಾದೆ ಹೋಯಿತು. ಐದನೇ ಮಹಡಿಯಲ್ಲಿ ಕಾಲ್ ಪಾಯಿಂಟ್ (ಬೆಂಕಿ ಕಂಡವರು ಕೈಯಿಂದ ಒತ್ತುವ ಕೆಂಪು ಪೆಟ್ಟಿಗೆ) ಒತ್ತಿದರೆ ಪ್ಯಾನೆಲ್ ‘ಸ್ಟೋರ್ ರೂಂ’ ಅಂತ ತೋರಿಸಿತು. ಅಲ್ಲಿದ್ದದ್ದು ಮೀಟಿಂಗ್ ರೂಂ. ಡ್ರಾಯಿಂಗ್ ಎರಡು ಸಲ ಬದಲಾಗಿತ್ತು, ನಾವು ಹೆಸರು ಹಾಕಿದ್ದು ಹಳೆಯದನ್ನು ನೋಡಿ. ನಿಜವಾಗಿ ಬೆಂಕಿ ಬಿದ್ದಿದ್ದರೆ ಜನ ತಪ್ಪು ಕೋಣೆಗೆ ಓಡುತ್ತಿದ್ದರು, ಅಲ್ವಾ? ಈಗ ಕಮಿಷನಿಂಗ್‌ಗೆ ಮುಂಚೆಯೇ ಒಬ್ಬರನ್ನು ಪ್ಯಾನೆಲ್ ಹತ್ತಿರ ವಾಕಿಟಾಕಿ ಕೊಟ್ಟು ನಿಲ್ಲಿಸುತ್ತೇನೆ. ನಾನು ಕೋಣೆಕೋಣೆ ಸುತ್ತುತ್ತೇನೆ. ಬಾಗಿಲ ಮೇಲಿನ ಹೆಸರನ್ನು ಅವರಿಗೆ ಓದಿ ಹೇಳುತ್ತೇನೆ. ಬೇಜಾರಿನ ಕೆಲಸ, ಆದರೆ ಅಡ್ಡದಾರಿ ಇಲ್ಲ.

ವೈರಿನ ಮೆಗ್ಗರ್ ಟೆಸ್ಟ್ (ಹೆಚ್ಚು ವೋಲ್ಟೇಜ್ ಬಿಟ್ಟು ಇನ್ಸುಲೇಶನ್ ಸರಿ ಇದೆಯಾ ಅಂತ ನೋಡುವುದು) ಡಿಟೆಕ್ಟರ್ ಹಾಕುವ ಮೊದಲೇ ಮುಗಿಯಬೇಕು. 500 ವೋಲ್ಟ್ ಬಿಡುವಾಗ ಪ್ಯಾನೆಲ್ಲಿಂದ ವೈರ್ ಬಿಚ್ಚಿರಬೇಕು. ಶಾರ್ಟ್ ಆದ ಭಾಗವನ್ನು ಬೇರೆ ಮಾಡುವ ಐಸೊಲೇಟರ್ ಬೇಸ್‌ಗಳೂ ಲೈನಿನಲ್ಲಿ ಇರಬಾರದು, ಅದರೊಳಗೂ ಎಲೆಕ್ಟ್ರಾನಿಕ್ಸ್ ಇದೆ. ಆಮೇಲೆ, ಎಲ್ಲ ಹಾಕಿದ ಮೇಲೆ, ಲೂಪಿನ ಒಂದು ತುದಿ ಬಿಚ್ಚಿ ನೋಡಿ. ಪ್ಯಾನೆಲ್ ಫಾಲ್ಟ್ ತೋರಿಸಬೇಕು, ಆದರೆ ಒಂದು ಡಿಟೆಕ್ಟರೂ ಕಳೆದುಹೋಗಬಾರದು.

ಬ್ಯಾಟರಿ ಲೆಕ್ಕವನ್ನೂ ಅಂದಾಜಿಗೆ ಬಿಡಬೇಡಿ. ಕರೆಂಟ್ ಹೋದ ಮೇಲೆ 24 ಗಂಟೆ ಸ್ಟ್ಯಾಂಡ್‌ಬೈ, ಅರ್ಧ ಗಂಟೆ ಅಲಾರಂ ಬೇಕು ಅಂತಿಟ್ಟುಕೊಳ್ಳಿ. ಸ್ಟ್ಯಾಂಡ್‌ಬೈನಲ್ಲಿ 0.5 ಆಂಪಿಯರ್ ಎಳೆದರೆ 12, ಅಲಾರಂನಲ್ಲಿ 2 ಆಂಪಿಯರ್ ಎಳೆದರೆ 1, ಒಟ್ಟು 13 ಆಂಪಿಯರ್-ಅವರ್. ಬ್ಯಾಟರಿಗೆ ವಯಸ್ಸಾಗುತ್ತದೆ ಅಂತ ಕಾಲು ಭಾಗ ಸೇರಿಸಿದರೆ 16.25. ಅಲ್ಲಿ 12 ಆಂಪಿಯರ್-ಅವರ್ ಬ್ಯಾಟರಿ ಕೂತಿದ್ದರೂ ಪ್ಯಾನೆಲ್ ‘ನಾರ್ಮಲ್’ ಅಂತಲೇ ಅನ್ನುತ್ತಿರುತ್ತದೆ!

ಜಾಸ್ತಿ ಜಗಳ ಆಗುವುದು ಲಿಫ್ಟು, ಎಸಿ, ಬಾಗಿಲುಗಳ ವಿಷಯದಲ್ಲಿ. ಅಲಾರಂ ಆದರೆ ಲಿಫ್ಟ್ ಕೆಳಗೆ ಬರಬೇಕು, ಎಸಿ ಗಾಳಿ ತಳ್ಳುವ ಏರ್ ಹ್ಯಾಂಡ್ಲಿಂಗ್ ಯೂನಿಟ್ ನಿಲ್ಲಬೇಕು, ಬಾಗಿಲ ಲಾಕ್ ಬಿಡಬೇಕು. ಅವರಿಗೆ ಸಿಗ್ನಲ್ ಕಳಿಸುವ ನಮ್ಮ ರಿಲೇ ಸ್ವಿಚ್ಚು ‘ಟಿಕ್’ ಅಂದರೆ ನಮ್ಮ ಕೆಲಸ ಮುಗಿಯಿತು ಅಂತ ನಾವು. ನಮಗೆ ವೈರೇ ಬಂದಿಲ್ಲ ಅಂತ ಅವರು. ಅವತ್ತು ಆ ವೈರ್ ಲಿಫ್ಟ್ ಮೆಷಿನ್ ರೂಮಿನಲ್ಲಿ ಸುಮ್ನೆ ಸುರುಳಿ ಸುತ್ತಿ ನೇತಾಡುತ್ತಿತ್ತು. ಈಗ ಒಂದು ವಾರ ಮೊದಲೇ ಒಬ್ಬೊಬ್ಬರನ್ನೇ ಕರೆದು ಟೆಸ್ಟ್ ಮಾಡಿಸಿ ಸಹಿ ತಗೊಳ್ಳುತ್ತೇನೆ.

ಮುಚ್ಚಳಗಳನ್ನು ಈಗ ಒಂದು ಚೀಲಕ್ಕೆ ಹಾಕಿ ಎಣಿಸುತ್ತೇನೆ. ಹುಡುಗರು ನಗುತ್ತಾರೆ, ನಗಲಿ. ಮೊನ್ನೆ ಒಂದು ಸೈಟಿನಲ್ಲಿ ಡಿಟೆಕ್ಟರ್ 212, ಮುಚ್ಚಳ 211. ಸಂಜೆ ಏಳರವರೆಗೆ ಹುಡುಕಿದೆವು. ಕೊನೆಗೆ ಫಾಲ್ಸ್ ಸೀಲಿಂಗಿನ ಟೈಲ್ ಎತ್ತಿ ಟಾರ್ಚ್ ಬಿಟ್ಟರೆ, ಡಕ್ಟ್ ಹಿಂದೆ ಒಂದು ಡಿಟೆಕ್ಟರ್ ಟೋಪಿ ಹಾಕಿಕೊಂಡು ಕೂತಿತ್ತು.