ಬಿಳಿ ಹಕ್ಕಿಯ ಗರಿ ಉಳಿಯಬೇಕಾದರೆ

ರಂಗನತಿಟ್ಟಿನಿಂದ, ಕೊಕ್ಕರೆಬೆಳ್ಳೂರಿನಿಂದ ಬಂದ ಚಿತ್ರಗಳನ್ನು ಫೋಟೊಗ್ರಫಿ ಕ್ಲಬ್ಬಿನ ಪರದೆಯ ಮೇಲೆ ಹಾಕಿದಾಗ ಒಂದೇ ದೋಷ ಮತ್ತೆ ಮತ್ತೆ ಕಣ್ಣಿಗೆ ಹೊಡೆಯುತ್ತದೆ. ಹಕ್ಕಿಯ ಕಣ್ಣು ಚೂಪಾಗಿರುತ್ತದೆ, ರೆಕ್ಕೆ ಅಂದವಾಗಿ ಬಿಚ್ಚಿರುತ್ತದೆ, ಕೊಕ್ಕಿನಲ್ಲಿ ಗೂಡಿನ ಕಡ್ಡಿಯೂ ಇರುತ್ತದೆ. ಎದೆ ಮಾತ್ರ ಸುಣ್ಣ ಬಳಿದ ಗೋಡೆ. ಗರಿಯ ಒಂದು ಎಳೆಯೂ ಕಾಣುವುದಿಲ್ಲ. ನಮ್ಮ ಸೀಮೆಯಲ್ಲಿ ಕ್ಯಾಮೆರಾಕ್ಕೆ ಸುಲಭವಾಗಿ ಸಿಗುವ ದೊಡ್ಡ ಹಕ್ಕಿಗಳಲ್ಲಿ ಹೆಚ್ಚಿನವು ಬಿಳಿಯವೇ: ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ಬಿಳಿ ಕೆಂಬರಲು, ಬೆಳ್ಳಕ್ಕಿ, ಹೆಜ್ಜಾರ್ಲೆ. ಬಿಳಿಯನ್ನು ಹಿಡಿಯಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಹೊಸ ಲೆನ್ಸಿಗೆ ದುಡ್ಡು ಕೂಡಿಡುವ ಮೊದಲು ಇದನ್ನು ಕಲಿಯಿರಿ ಎಂದೇ ನಾನು ಹೇಳುತ್ತೇನೆ.

ರಂಗನತಿಟ್ಟಿನಲ್ಲಿ ಈ ತೊಂದರೆ ಜಾಸ್ತಿಯಾಗುವುದಕ್ಕೆ ಆ ಜಾಗವೇ ಕಾರಣ. 17ನೇ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಹಾಕಿದ ಒಡ್ಡಿನಿಂದ ನೀರು ನಿಂತು ಉಂಟಾದ ನಡುಗಡ್ಡೆಗಳವು. ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರು ಅರಸರು 1940ರಲ್ಲಿ ಪಕ್ಷಿಧಾಮ ಮಾಡಿದರು. ಒಟ್ಟು ವಿಸ್ತೀರ್ಣ 0.67 ಚದರ ಕಿಲೋಮೀಟರ್ ಅಷ್ಟೆ. ದೋಣಿ ಹಕ್ಕಿಗಳ ಪಕ್ಕದಲ್ಲೇ ಸಾಗುತ್ತದೆ. ಹಕ್ಕಿಯ ಹಿಂದೆ ಮರ, ಬಿದಿರುಗಳ ಕಡು ನೆರಳು, ಕೆಳಗೆ ಕಪ್ಪು ನೀರು, ನಡುವೆ ಬಿಸಿಲಿಗೆ ಹೊಳೆಯುವ ಬಿಳಿ ಮೈ.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಹಕ್ಕಿ ಯಾವುದು, ನೀರು ಯಾವುದು ಗೊತ್ತಾಗುವುದಿಲ್ಲ. ಚೌಕಟ್ಟಿನಲ್ಲಿ ಇರುವುದನ್ನೆಲ್ಲ ಸೇರಿಸಿ ನಡುಬೂದಿ ಬಣ್ಣಕ್ಕೆ ತರುವುದೇ ಅದರ ಕೆಲಸ. ಮುಕ್ಕಾಲು ಪಾಲು ಕಪ್ಪು ನೀರಿದ್ದರೆ ನೀರನ್ನು ಬೆಳಗಿಸಲು ಹೋಗುತ್ತದೆ, ಆ ಭರದಲ್ಲಿ ಬಿಳಿ ಸುಟ್ಟುಹೋಗುತ್ತದೆ. ಅದೇ ಕೊಕ್ಕರೆ ನೀರಿನ ಮಟ್ಟದಿಂದ ಎದ್ದು ಆಕಾಶಕ್ಕೆ ಬಂದಿತು ಅನ್ನಿ. ಈಗ ಹಿನ್ನೆಲೆ ಬೆಳ್ಳಗಿದೆ, ಮೀಟರ್ ಎಲ್ಲವನ್ನೂ ಕತ್ತಲು ಮಾಡುತ್ತದೆ, ಹಕ್ಕಿ ಬೂದಿಯಾಗುತ್ತದೆ. ಎರಡು ಸೆಕೆಂಡಿನ ಹಾರಾಟದಲ್ಲಿ ಹಕ್ಕಿಯ ಮೇಲಿನ ಬೆಳಕು ಎಳ್ಳಷ್ಟೂ ಬದಲಾಗಿಲ್ಲ, ಕ್ಯಾಮೆರಾದ ಎಕ್ಸ್‌ಪೋಶರ್ ಮಾತ್ರ ಎರಡು ಸ್ಟಾಪ್ ಓಡಾಡಿದೆ (ಬೆಳಕು ಎರಡು ಪಟ್ಟು ಇಲ್ಲವೆ ಅರ್ಧ ಆದರೆ ಒಂದು ಸ್ಟಾಪ್). ಅಪರ್ಚರ್ ಪ್ರಯಾರಿಟಿಯಲ್ಲಿ (ಲೆನ್ಸಿನ ಕಂಡಿಯನ್ನು ನಾವು, ಶಟರ್ ವೇಗವನ್ನು ಕ್ಯಾಮೆರಾ ಆರಿಸುವ ಮೋಡ್) ಇಟ್ಟು ಮೈನಸ್ 1, ಮೈನಸ್ 1.7 ಎಂದು ಕಾಂಪೆನ್ಸೇಶನ್ (ಮೀಟರಿನ ಲೆಕ್ಕಕ್ಕೆ ತಿದ್ದುಪಡಿ) ಕೊಟ್ಟರೂ ಸಮಸ್ಯೆ ಪೂರ್ತಿ ಹೋಗುವುದಿಲ್ಲ. ನೀರಿನ ಮೇಲೆ ಸರಿಹೋದದ್ದು ಆಕಾಶದಲ್ಲಿ ಕೆಡುತ್ತದೆ. ಮ್ಯಾನುಯಲ್ ಮೋಡಿಗೆ ಹೋಗಿ ಐಎಸ್‌ಒವನ್ನು (ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬ ಅಂಕಿ) ಆಟೋದಲ್ಲೇ ಬಿಟ್ಟರೂ ಅದೇ ಕಥೆ, ಏಕೆಂದರೆ ಆಗ ಐಎಸ್‌ಒ ಮೂಲಕ ಅದೇ ಮೀಟರ್ ಆಟವಾಡುತ್ತದೆ. ಅಪರ್ಚರ್, ಶಟರ್, ಐಎಸ್‌ಒ ಮೂರನ್ನೂ ಕೈಯಾರೆ ಕಟ್ಟಿಹಾಕಬೇಕು.

ಎಲ್ಲಿಂದ ಶುರು ಮಾಡುವುದು? ಹಳೆಯ ಫಿಲ್ಮ್ ಕಾಲದ ಲೆಕ್ಕ ಇಲ್ಲಿ ಕೈಹಿಡಿಯುತ್ತದೆ. ಗಟ್ಟಿ ಬಿಸಿಲಿನಲ್ಲಿ ಅಪರ್ಚರ್ ಎಫ್ 16 ಇಟ್ಟರೆ ಶಟರ್ ಐಎಸ್‌ಒ ಅಂಕಿಯಷ್ಟೇ, ಅಂದರೆ ಐಎಸ್‌ಒ 400ಕ್ಕೆ 1/400. ಬಿಳಿ ಹಕ್ಕಿಗೆ ಇದಕ್ಕಿಂತ ಒಂದು ಸ್ಟಾಪ್ ಕಮ್ಮಿ ಮಾಡಬೇಕು. ಈಗ ಎಲ್ಲರ ಕೈಯಲ್ಲಿರುವ 150-600 ಮಿಲಿಮೀಟರಿನಂಥ ಲೆನ್ಸಿನಲ್ಲಿ ಎಫ್ 6.3 ಇಟ್ಟರೆ ಮಧ್ಯಾಹ್ನದ ಹೊತ್ತಿನ ಬಿಸಿಲಿಗೆ ಐಎಸ್‌ಒ 200, ಶಟರ್ 1/2500 ಸುಮಾರಾಗಿ ಸರಿಹೋಗುತ್ತದೆ. ಬೆಳಗಿನ ಎಳೆ ಬಿಸಿಲಿಗೆ ಐಎಸ್‌ಒ 400, ಅದೇ ಶಟರ್. ತೆಳುಮೋಡ ಕವಿದರೆ ಐಎಸ್‌ಒ 800, ಶಟರ್ 1/2000. ಇವು ಶುರುವಿನ ಅಂಕಿಗಳು ಮಾತ್ರ. ಕ್ಯಾಮೆರಾ, ಲೆನ್ಸು, ಆ ದಿನದ ಮಂಜು ಇವುಗಳಿಂದ ಅರ್ಧ ಸ್ಟಾಪ್ ಆಚೀಚೆ ಆಗಿಯೇ ಆಗುತ್ತದೆ. ಒಂದು ವಿಷಯ ಹೇಳಿಬಿಡುತ್ತೇನೆ: ತೆಳುಮೋಡದ ದಿನ ಬೆಳಕು ಸರಿಯಿಲ್ಲ ಎಂದು ಮನೆಯಲ್ಲಿ ಉಳಿಯಬೇಡಿ. ಬಿಳಿ ಹಕ್ಕಿಗೆ ಅದರಷ್ಟು ಒಳ್ಳೆಯ ಬೆಳಕು ಇನ್ನೊಂದಿಲ್ಲ.

ದೋಣಿ ಹೊರಡುವ ಮುಂಚೆಯೇ ದಡದ ಹತ್ತಿರ ಬಿಸಿಲಿನಲ್ಲಿ ಕೂತ ಒಂದು ಬೆಳ್ಳಕ್ಕಿಯನ್ನೋ ಕೆಂಬರಲನ್ನೋ ಹುಡುಕಿ, ಒಂದು ಚಿತ್ರ ತೆಗೆದು, ಪರದೆಯಲ್ಲಿ ಹೈಲೈಟ್ ಎಚ್ಚರಿಕೆ (ಸುಟ್ಟ ಬಿಳಿಯನ್ನು ಮಿನುಗಿಸಿ ತೋರಿಸುವ ಸೌಲಭ್ಯ) ಹಾಕಿ ನೋಡಿ. ಎದೆಯ ಮೇಲೆ ಕಪ್ಪು ಮಿನುಗು ಬಂದರೆ ಶಟರ್ ಡಯಲನ್ನು ಒಂದು ಕ್ಲಿಕ್ ವೇಗದ ಕಡೆ ತಿರುಗಿಸಿ. ಮತ್ತೆ ತೆಗೆಯಿರಿ. ಮಿನುಗು ನಿಂತ ಜಾಗಕ್ಕೆ ಬಂದು ಅಲ್ಲೇ ಬಿಡಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಮೂರು ಕ್ಲಿಕ್ಕಿಗೆ ಒಂದು ಸ್ಟಾಪ್. ಮಿರರ್‌ಲೆಸ್ ಇದ್ದವರು ಜೀಬ್ರಾ ಪಟ್ಟೆ (ಸುಡುವ ಜಾಗದ ಮೇಲೆ ಕಾಣುವ ಗೆರೆಗಳು) ಹಾಕಿಕೊಂಡರೆ ವ್ಯೂಫೈಂಡರಿನಿಂದ ಕಣ್ಣು ತೆಗೆಯದೆ ಇದನ್ನೆಲ್ಲ ಮಾಡಬಹುದು. ಕ್ಯಾಮೆರಾ ತೋರಿಸುವ ಎಚ್ಚರಿಕೆಯೂ ಹಿಸ್ಟೋಗ್ರಾಮೂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಇರುವ ಬೆಳಕಿನ ನಕ್ಷೆ) ಜೆಪೆಗ್ ಚಿತ್ರದ ಲೆಕ್ಕದಲ್ಲಿ ಬಂದವು. ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ಸಾಮಾನ್ಯವಾಗಿ ಅದರ ಮೇಲೆ ಅರ್ಧದಿಂದ ಒಂದು ಸ್ಟಾಪಿನಷ್ಟು ಉಳಿಕೆ ಇರುತ್ತದೆ. ಕ್ಯಾಮೆರಾದ ಬಣ್ಣ, ಕಾಂಟ್ರಾಸ್ಟಿನ ಸೆಟ್ಟಿಂಗಾದ ಪಿಕ್ಚರ್ ಸ್ಟೈಲನ್ನು ನ್ಯೂಟ್ರಲ್ ಮಾಡಿಕೊಂಡರೆ ಎಚ್ಚರಿಕೆ ವಾಸ್ತವಕ್ಕೆ ಹತ್ತಿರವಾಗುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಹೈಲೈಟ್ ನೋಡಿ ಅಳೆಯುವ ಮೀಟರಿಂಗ್ ಇದೆ. ಕೂತ ಹಕ್ಕಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅಲೆಯ ಮೇಲೆ ಬಿಸಿಲು ಮಿಂಚಿದರೆ ಆ ಮಿಂಚನ್ನೇ ಹಕ್ಕಿ ಎಂದುಕೊಂಡು ಚಿತ್ರವನ್ನು ಕತ್ತಲು ಮಾಡಿಬಿಡುತ್ತದೆ.

ಬಣ್ಣದ ಕೊಕ್ಕರೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಬೆಳೆದ ಹಕ್ಕಿ ರೆಕ್ಕೆ ಮಡಚಿ ನಿಂತಾಗ ಬಾಲದ ಹತ್ತಿರ ಗುಲಾಬಿ ಗರಿಗಳ ಗೊಂಚಲು ಕಾಣುತ್ತದೆ. ಕ್ಯಾಮೆರಾ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಚಾನಲ್ಲಿನಲ್ಲಿ ಹಿಡಿಯುತ್ತದೆ. ಗುಲಾಬಿಯಲ್ಲಿ ಕೆಂಪು ಚಾನಲ್ಲೇ ಎಲ್ಲಕ್ಕಿಂತ ಮೇಲಿರುವುದರಿಂದ ಮೊದಲು ಒಡೆಯುವುದು (ಮಿತಿ ಮೀರಿ ವಿವರ ಕಳೆದುಕೊಳ್ಳುವುದು) ಅದೇ. ಒಟ್ಟು ಹಿಸ್ಟೋಗ್ರಾಮ್ ಸುರಕ್ಷಿತವಾಗಿ ಕಂಡರೂ ಕೆಂಪಿನ ಗೆರೆ ಬಲಗಡೆ ಗೋಡೆಗೆ ಒತ್ತಿಕೊಂಡಿರಬಹುದು. ಆಗ ಗುಲಾಬಿ ಗರಿಗಳ ಅಂಚು ಒಂದಕ್ಕೊಂದು ಕೂಡಿ ಬಣ್ಣದ ಚಪ್ಪಟೆ ಕಲೆಯಾಗುತ್ತದೆ. ಹಾಗಾಗಿ ಮೂರು ಬಣ್ಣದ ಹಿಸ್ಟೋಗ್ರಾಮ್ ಆನ್ ಮಾಡಿಕೊಳ್ಳಿ. ಚಮಚದ ಕೊಕ್ಕಿಗೆ ಮರಿ ಮಾಡುವ ಕಾಲದಲ್ಲಿ ಕತ್ತಿನ ಬುಡದಲ್ಲಿ ನಸು ಹಳದಿ ಬರುತ್ತದೆ, ತಲೆಯ ಹಿಂದೆ ಜುಟ್ಟು ಇಳಿಯುತ್ತದೆ. ಬೆಳ್ಳಕ್ಕಿಗೆ ಅದೇ ಕಾಲದಲ್ಲಿ ಬೆನ್ನ ಮೇಲೆ ನೂಲಿನಂಥ ಗರಿಗಳು. ಅರ್ಧ ಸ್ಟಾಪ್ ಹೆಚ್ಚಾದರೆ ಮೊದಲು ಅಳಿಸಿಹೋಗುವುದು ಇವೇ, ಮತ್ತು ಚಿತ್ರ ತೆಗೆಯಲು ಆ ಕಾಲಕ್ಕೇ ಹೋಗುವುದು ಇವಕ್ಕಾಗಿಯೇ.

ಹಕ್ಕಿ ಬಿಸಿಲಿನಿಂದ ಮರದ ನೆರಳಿಗೆ ಹೋದರೆ ಕಟ್ಟಿಹಾಕಿದ ಅಂಕಿ ಕೆಲಸಕ್ಕೆ ಬರುವುದಿಲ್ಲ. ಎರಡರಿಂದ ಮೂರು ಸ್ಟಾಪ್ ತೆರೆಯಬೇಕು, ಅಂದರೆ ಆರರಿಂದ ಒಂಬತ್ತು ಕ್ಲಿಕ್. ಬಹಳ ಕ್ಯಾಮೆರಾಗಳಲ್ಲಿ ಎರಡು ಕಸ್ಟಮ್ ಮೋಡ್ ಇರುತ್ತವೆ. ಒಂದನ್ನು ಬಿಸಿಲಿಗೆ, ಒಂದನ್ನು ನೆರಳಿಗೆ ಕಟ್ಟಿಟ್ಟುಕೊಂಡರೆ ಡಯಲ್ ಒಂದೇ ಸಲ ತಿರುಗಿಸಿದರೆ ಸಾಕು.

ಕೊಕ್ಕರೆಬೆಳ್ಳೂರಿನಲ್ಲಿ ಲೆಕ್ಕ ತಲೆಕೆಳಗು. ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಮನೆಗಳ ನಡುವಿನ ಹುಣಸೆ, ಅರಳಿ ಮರಗಳ ಮೇಲೇ ಗೂಡು ಕಟ್ಟುತ್ತವೆ. 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಣೆಯಾದ ಜಾಗ. ಬೀದಿಯಲ್ಲಿ ನಿಂತು ಮೇಲೆ ನೋಡಿದರೆ ಹಕ್ಕಿಯ ಹೊಟ್ಟೆಯ ನೆರಳು, ಹಿಂದೆ ಬೆಳ್ಳನೆ ಆಕಾಶ. ಇಲ್ಲಿ ಪ್ಲಸ್ 1ರಿಂದ 1.7ರವರೆಗೆ ಬೇಕಾಗುತ್ತದೆ, ಆಕಾಶ ಸುಟ್ಟರೂ ಚಿಂತೆಯಿಲ್ಲ. ಆದರೂ ಕೆಳಗಿನಿಂದ ತೆಗೆದ ಹೆಜ್ಜಾರ್ಲೆ ಚಿತ್ರಗಳಲ್ಲಿ ಹೆಚ್ಚಿನವು ನನಗೆ ಒಪ್ಪಿಗೆಯಾಗುವುದಿಲ್ಲ. ಮನೆಯವರನ್ನು ಕೇಳಿ, ಅವರು ಒಪ್ಪಿದರೆ ತಾರಸಿ ಹತ್ತಿ. ಕಣ್ಣಿನ ಮಟ್ಟಕ್ಕೆ ಬಂದ ತಕ್ಷಣ ಹಿನ್ನೆಲೆ ದೂರದ ತೋಟಗಳ ಹಸಿರಾಗುತ್ತದೆ, ಬೆಳಕು ಹಕ್ಕಿಯ ಮುಖಕ್ಕೆ ಬೀಳುತ್ತದೆ. ಹೆಜ್ಜಾರ್ಲೆ ಬೂದು ಬೆರೆತ ಬಿಳಿಯಾದ್ದರಿಂದ ಬೆಳ್ಳಕ್ಕಿಗಿಂತ ಅರ್ಧ ಸ್ಟಾಪ್ ಹೆಚ್ಚು ತಡೆದುಕೊಳ್ಳುತ್ತದೆ.

ಬೆಳಕಿನ ಜೊತೆಗೆ ಗಾಳಿಯನ್ನೂ ನೋಡಬೇಕು. ಇದನ್ನು ಕ್ಲಬ್ಬುಗಳಲ್ಲಿ ಸಾಕಷ್ಟು ಹೇಳಿಕೊಡುವುದಿಲ್ಲ. ಕೊಕ್ಕರೆಯಂಥ ಭಾರದ ಹಕ್ಕಿ ಇಳಿಯುವಾಗಲೂ ಏಳುವಾಗಲೂ ಗಾಳಿಗೆ ಎದುರಾಗಿಯೇ ಇರುತ್ತದೆ. ಚಳಿಗಾಲದಲ್ಲಿ ಮೂಡಗಾಳಿ ಬೀಸುವ ದಿನ ಬೆಳಿಗ್ಗೆ ಹೋದರೆ ಗೂಡಿಗೆ ಇಳಿಯುವ ಹಕ್ಕಿ ಸೂರ್ಯನ ಕಡೆ ಮುಖ ಮಾಡಿರುತ್ತದೆ, ಮುಖ, ಎದೆ, ರೆಕ್ಕೆಯ ಒಳಮೈ ಎಲ್ಲದಕ್ಕೂ ಬೆಳಕು. ಮೇ ತಿಂಗಳ ಹೊತ್ತಿಗೆ ಪಡುವಗಾಳಿ ಶುರುವಾದ ಮೇಲೆ ಅದೇ ಬೆಳಿಗ್ಗೆ ಹೋದರೆ ಹಕ್ಕಿಯ ಬೆನ್ನಿಗೆ ಬಿಸಿಲು, ಮುಖ ಕತ್ತಲು. ಆಗ ಸಂಜೆ ಹೋಗಬೇಕು. ಹೊರಡುವ ಹಿಂದಿನ ದಿನ ಫೋನಿನಲ್ಲಿ ಮಳೆ ನೋಡುವಂತೆ ಗಾಳಿಯ ದಿಕ್ಕನ್ನೂ ನೋಡಿಕೊಳ್ಳಿ.

ದೋಣಿಯಲ್ಲಿ ಟ್ರೈಪಾಡ್ ದಂಡ. ದೋಣಿ ಅಲುಗಿದಂತೆ ಅದೂ ಅಲುಗುತ್ತದೆ, ಪಕ್ಕದವರಿಗೂ ತೊಂದರೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಕೈಯಲ್ಲೇ ಹಿಡಿಯಿರಿ, ಸ್ಟೆಬಿಲೈಸೇಶನ್ ಆನ್ ಇರಲಿ, ಕೂತ ಹಕ್ಕಿಗೂ 1/1000ಕ್ಕಿಂತ ಕೆಳಗೆ ಇಳಿಯಬೇಡಿ. ನೀರಿಗೆ ಧುಮುಕುವ ಹೊಳೆ ರೀವಕ್ಕೆ (ರಿವರ್ ಟರ್ನ್) 1/3200 ಬೇಕು. ಆದಷ್ಟು ತಗ್ಗಿನಲ್ಲಿ ಕುಳಿತರೆ ಹಿನ್ನೆಲೆ ದೂರ ಸರಿದು ಮೃದುವಾಗುತ್ತದೆ. ಎದ್ದು ನಿಲ್ಲಬೇಡಿ, ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಗಳು ಅಲ್ಲಿ ಅಲಂಕಾರಕ್ಕೆ ಮಲಗಿಲ್ಲ. ಹತ್ತು ಗಂಟೆ ದಾಟಿ ಬಂಡೆ ಕಾದ ಮೇಲೆ ದೂರದ ಹಕ್ಕಿಯ ಗರಿ ಮೆತ್ತಗಾದರೆ ಲೆನ್ಸನ್ನು ಬೈಯಬೇಡಿ. ಬಿಸಿಗಾಳಿಯ ನಡುಕ ಅದು, ಯಾವ ಶಟರ್ ವೇಗವೂ ಅದನ್ನು ನಿಲ್ಲಿಸುವುದಿಲ್ಲ. ಹತ್ತಿರದ ಹಕ್ಕಿಗೆ ತಿರುಗಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ದೋಣಿಯೇ ನಿಲ್ಲುತ್ತದೆ, ಮೊದಲೇ ವಿಚಾರಿಸಿ ಹೊರಡಿ.

ಗೂಡಿನ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಇನ್ನೂ ಹತ್ತಿರ ಹೋಗಿ ಎಂದು ದೋಣಿ ನಡೆಸುವವರನ್ನು ಒತ್ತಾಯಿಸಬೇಡಿ, ಹಕ್ಕಿ ಏಳಲಿ ಎಂದು ಚಪ್ಪಾಳೆ ತಟ್ಟಬೇಡಿ. ಬಿಸಿಲೇರಿದ ಮೇಲೆ ತಾಯಿಯೋ ತಂದೆಯೋ ಗೂಡಿನ ಅಂಚಿನಲ್ಲಿ ರೆಕ್ಕೆ ಬಿಚ್ಚಿ ನಿಲ್ಲುವುದು ಮರಿಗೆ ನೆರಳು ಕೊಡಲಿಕ್ಕೆ. ಆ ಹಕ್ಕಿ ಎದ್ದರೆ ಗರಿ ಮೂಡದ ಮರಿ ನೇರ ಬಿಸಿಲಿಗೆ ಬೀಳುತ್ತದೆ, ಕಾಗೆಗೂ ಹದ್ದಿಗೂ ದಾರಿ ತೆರೆಯುತ್ತದೆ. ಗೂಡಿನ ಚಿತ್ರಗಳನ್ನು ನಮ್ಮ ದೇಶದ ಅನೇಕ ಸಲೋನ್‌ಗಳು (ಫೋಟೊ ಸ್ಪರ್ಧೆಗಳು) ತೆಗೆದುಕೊಳ್ಳುವುದೂ ಇಲ್ಲ. ಕಡ್ಡಿ ಹೊತ್ತು ಹಾರಿ ಬರುವ ಹಕ್ಕಿಯ ಚಿತ್ರ ಗೂಡಿನ ಕಥೆಯನ್ನು ಪೂರ್ತಿ ಹೇಳುತ್ತದೆ, ಗೂಡಿನಿಂದ ದೂರವೇ ಸಿಗುತ್ತದೆ.

ಮನೆಗೆ ಬಂದ ಮೇಲೆ ಚಿತ್ರ ತಿದ್ದುವ ತಂತ್ರಾಂಶವಾದ ಲೈಟ್‌ರೂಮಿನಲ್ಲಿ ಮೊದಲು ವೈಟ್ಸ್ ಸ್ಲೈಡರನ್ನು ಆಲ್ಟ್ ಕೀ ಒತ್ತಿ ಹಿಡಿದು ಮುಟ್ಟಿ. ಪರದೆ ಕಪ್ಪಾಗಿ, ಒಡೆದ ಜಾಗ ಮಾತ್ರ ಹೊಳೆಯುತ್ತದೆ. ಬಣ್ಣದ ಚುಕ್ಕೆ ಬಂದರೆ ಒಂದೋ ಎರಡೋ ಚಾನಲ್ ಮಾತ್ರ ಹೋಗಿದೆ, ಹೈಲೈಟ್ಸನ್ನು ಮೈನಸ್ 40ರ ಸುತ್ತ ಇಳಿಸಿದರೆ ಗರಿ ಮರಳಬಹುದು. ಅಚ್ಚ ಬಿಳಿ ಕಲೆ ಬಂದರೆ ಮೂರೂ ಹೋಗಿವೆ, ಎಷ್ಟು ಇಳಿಸಿದರೂ ಅಲ್ಲಿ ಬೂದಿ ಬಣ್ಣ ಬರುತ್ತದೆಯೇ ಹೊರತು ಗರಿ ಬರುವುದಿಲ್ಲ. ಎದೆಯ ಮೇಲೆ ಮೌಸ್ ಇಟ್ಟಾಗ ಅಂಕಿ 255ರ ಲೆಕ್ಕದಲ್ಲಿ (0 ಅಚ್ಚ ಕಪ್ಪು, 255 ಅಚ್ಚ ಬಿಳಿ) 235ರಿಂದ 245ರ ನಡುವೆ ಇರಲಿ (ಲೈಟ್‌ರೂಮ್ ಶೇಕಡಾದಲ್ಲಿ ತೋರಿಸಿದರೆ 92ರಿಂದ 96). ಅದಕ್ಕಿಂತ ತೀರ ಕೆಳಗಿಳಿಸಿದರೆ ಹಕ್ಕಿ ಕೊಳೆಯಾದಂತೆ ಕಾಣುತ್ತದೆ. ಹಾರುವ ಹಕ್ಕಿಯ ರೆಕ್ಕೆಯ ಅಡಿಗೆ ನೀರಿನ, ಗಿಡಗಳ ಹಸಿರು ಛಾಯೆ ಬಂದಿರುತ್ತದೆ. ಆ ಭಾಗಕ್ಕಷ್ಟೇ ಮಾಸ್ಕ್ ಹಾಕಿ ಸ್ವಲ್ಪ ತಗ್ಗಿಸಿ, ಪೂರ್ತಿ ತೆಗೆಯಬೇಡಿ, ಅದು ಆ ಜಾಗದ ಬೆಳಕು. ಶಾರ್ಪನಿಂಗ್ ಹೆಚ್ಚಾದರೆ ಕಪ್ಪು ನೀರಿನ ಮೇಲೆ ಬಿಳಿ ಹಕ್ಕಿಯ ಸುತ್ತ ಗೆರೆ ಎದ್ದು ಬರುತ್ತದೆ. ಅದಕ್ಕೂ ಮಾಸ್ಕಿಂಗ್ ಬಳಸಿ. ಇನ್ನು ಅಡ್ಡ ಬಂದ ಕೊಂಬೆಯನ್ನು ಅಳಿಸುವ ಮಾತು: ಸಲೋನಿನ ನೇಚರ್ ವಿಭಾಗಕ್ಕೆ ಕಳಿಸುವ ಚಿತ್ರದಲ್ಲಿ ಏನನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಕ್ರಾಪ್ ಮಾಡಬಹುದು, ಸೆನ್ಸರಿನ ಧೂಳಿನ ಚುಕ್ಕೆ ಒರೆಸಬಹುದು.

ಹಂಚಿಕೊಳ್ಳುವಾಗಲೂ ಬಿಳಿ ಹಾಳಾಗುತ್ತದೆ. ಪರದೆಗಳಿಗೆ ಸಾಮಾನ್ಯವಾದ ಬಣ್ಣದ ಮಾನಕವಾದ ಎಸ್‌ಆರ್‌ಜಿಬಿಯಲ್ಲೇ ಎಕ್ಸ್‌ಪೋರ್ಟ್ ಮಾಡಿ, ಪ್ರೊಜೆಕ್ಟರ್ 1920 ಗುಣಿಸು 1080ರದ್ದಾದರೆ ಅದೇ ಅಳತೆಯೊಳಗೆ ಕೂರಿಸಿ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿ ನೂಲಿನಂಥ ಗರಿಗಳನ್ನೆಲ್ಲ ಮೆತ್ತಿಬಿಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಮೇಲುಕೋಟೆಯ ಬಂಡೆಗಳ ಕೊಂಬಿನ ಗೂಬೆಯಂಥ ಹಕ್ಕಿಯ ಚಿತ್ರವಾದರೆ ಅದರ ಜಾಗ ಎಲ್ಲರಿಗೂ ಗೊತ್ತಾಗದಂತೆ ಫೈಲಿನಲ್ಲಿರುವ ಸ್ಥಳದ ಮಾಹಿತಿಯನ್ನು ಎಕ್ಸ್‌ಪೋರ್ಟಿನಲ್ಲೇ ತೆಗೆದುಹಾಕಿ, ಶಟರ್, ಐಎಸ್‌ಒ ಅಂಕಿಗಳನ್ನು ಮಾತ್ರ ಉಳಿಸಿ. ಕ್ಲಬ್ಬಿನವರಿಗೆ ಕಲಿಯಲು ಬೇಕಾಗುವುದು ಅವೇ. ಸಭೆ ಶುರುವಾಗುವ ಮುಂಚೆ ಪ್ರೊಜೆಕ್ಟರಿನಲ್ಲಿ 235, 245, 255ರ ಮೂರು ಬಿಳಿ ಚೌಕಗಳ ಒಂದು ಪುಟ ಹಾಕಿ ನೋಡಿ. ಮೂರೂ ಬೇರೆಬೇರೆಯಾಗಿ ಕಾಣುವವರೆಗೆ ಕಾಂಟ್ರಾಸ್ಟ್ ಇಳಿಸಿ, ಆಮೇಲೆ ಮೊದಲ ಚಿತ್ರ ಹಾಕಿ.